ಒಂದೇ ಎಂಜಿನ್ನು, ಹಲವು ಮನೆತನ

ಮೋಟಾರು ಗಾಡಿಯನ್ನು ಕೊಳ್ಳುವವರು ಮೊದಲು ನೋಡುವುದು ಅದರ ಮುಂಭಾಗದಲ್ಲಿರುವ ಹೆಸರನ್ನು. ಹೆಸರು ದೊಡ್ಡದಾದರೆ ಗಾಡಿಯೂ ಗಟ್ಟಿ ಎಂದು ನಂಬುವುದು ಲೋಕರೂಢಿ. ಆದರೆ ಆ ಹೆಸರಿನ ಹಿಂದೆ, ಮುಚ್ಚಳದ ಕೆಳಗೆ ಕುಳಿತಿರುವ ಎಂಜಿನ್ನು ಅದೇ ಮನೆತನದ್ದಾಗಿರಬೇಕೆಂಬ ನಿಯಮವೇನೂ ಇಲ್ಲ. ನಮ್ಮ ದೇಶದಲ್ಲಿ ೨೦೦೭ರಿಂದ ಸುಮಾರು ಹದಿಮೂರು ವರ್ಷಗಳ ಕಾಲ ಒಂದೇ ಮೂಲದ ಡೀಸೆಲ್ ಎಂಜಿನ್ನು ಐದು ಬೇರೆ ಬೇರೆ ಹೆಸರಿನ ಗಾಡಿಗಳನ್ನು ಎಳೆಯಿತು. ಒಂದು ಹೆಸರಿನ ಗಾಡಿಗಾಗಿ ಜನರು ತಿಂಗಳುಗಟ್ಟಲೆ ಕಾದರು. ಇನ್ನೊಂದು ಹೆಸರಿನ ಗಾಡಿಯನ್ನು ಕೇಳುವವರು ವಿರಳರಾದರು. ಎಂಜಿನ್ನು ಒಂದೇ ಆಗಿರುವಾಗ ನಂಬಿಕೆಯಲ್ಲಿ ಇಷ್ಟು ಅಂತರವೇಕೆ? ಈ ಪ್ರಶ್ನೆಗೆ ಉತ್ತರವನ್ನು ಆ ಎಂಜಿನ್ನಿನ ಚರಿತ್ರೆಯಲ್ಲಿಯೇ ಹುಡುಕೋಣ.

ಎಂಜಿನ್ನನ್ನು ಹಂಚಿಕೊಳ್ಳುವ ಪದ್ಧತಿ ಹೊಸದಲ್ಲ. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲನ ಯಂತ್ರವು ೧೮೯೭ರಲ್ಲಿ ಪರೀಕ್ಷೆಯಲ್ಲಿ ಗೆದ್ದಿತು. ಅದಾದ ಮೂವತ್ತೈದು ವರ್ಷಗಳಿಗೆ, ೧೯೩೨ರಲ್ಲಿ, ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದಲ್ಲಿ ಫ್ರಾಂಕ್ ಪರ್ಕಿನ್ಸ್ ಮತ್ತು ಚಾರ್ಲ್ಸ್ ಚಾಪ್‌ಮನ್ ಎಂಬವರು ಒಂದು ಕಾರ್ಖಾನೆಯನ್ನು ತೆರೆದರು. ಅವರು ಗಾಡಿಯನ್ನು ಮಾಡಲಿಲ್ಲ. ಅನ್ಯರ ಗಾಡಿಗಳಿಗೆ ಬೇಕಾದ ಡೀಸೆಲ್ ಎಂಜಿನ್ನನ್ನು ಮಾತ್ರ ಮಾಡಿದರು. ಅವರ ಪಿ-೬ ಎಂಬ ಆರು ಸಿಲಿಂಡರಿನ ಎಂಜಿನ್ನು ಬೆಡ್‌ಫರ್ಡ್ ಮತ್ತು ಫೋರ್ಡ್ ಥೇಮ್ಸ್ ಲಾರಿಗಳೆರಡರಲ್ಲಿಯೂ ಕುಳಿತಿತು. ಮದರಾಸಿನ ಸಿಂಪ್ಸನ್ ಸಂಸ್ಥೆಯು ತಯಾರಿಸಿದ ಪರ್ಕಿನ್ಸ್ ಮಾದರಿಯ ಎಂಜಿನ್ನುಗಳು ಮ್ಯಾಸಿ ಫರ್ಗ್ಯುಸನ್ ಟ್ರಾಕ್ಟರುಗಳ ಮೂಲಕ ನಮ್ಮ ರೈತರಿಗೂ ಪರಿಚಿತವಾದವು. ಆದರೆ ಅಲ್ಲಿ ಮಾರುವವನೊಬ್ಬ, ಕೊಳ್ಳುವವರು ಹಲವರು. ಪರಸ್ಪರ ಸ್ಪರ್ಧಿಗಳಾದ ಗಾಡಿ ಸಂಸ್ಥೆಗಳೇ ಒಂದು ಎಂಜಿನ್ನಿನ ಪಾಲುದಾರರಾದ ಕಥೆ ಇದಕ್ಕಿಂತ ವಿಚಿತ್ರವಾದುದು.

ಆ ಕಥೆ ಇಟಲಿಯಲ್ಲಿ ಮೊದಲಾಗುತ್ತದೆ. ಹಿಂದಿನ ಡೀಸೆಲ್ ಎಂಜಿನ್ನುಗಳಲ್ಲಿ ಪಂಪು ಪ್ರತಿಯೊಂದು ಸಿಲಿಂಡರಿಗೂ ಅದರದರ ಸರದಿ ಬಂದಾಗ ಎಣ್ಣೆಯನ್ನು ಒತ್ತಿ ಕಳುಹಿಸುತ್ತಿತ್ತು. ಎಂಜಿನ್ನಿನ ವೇಗ ಕುಗ್ಗಿದರೆ ಒತ್ತಡವೂ ಕುಗ್ಗುತ್ತಿತ್ತು. ಆದುದರಿಂದಲೇ ಅವುಗಳಿಗೆ ಅಷ್ಟು ಸದ್ದು, ಅಷ್ಟು ಹೊಗೆ. ಫಿಯಟ್ ಸಂಸ್ಥೆಯ ಸಂಶೋಧಕರು ಇದಕ್ಕೆ ಬದಲಾಗಿ ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಒಂದು ಗಟ್ಟಿ ಕೊಳವೆಯಲ್ಲಿ ಎಣ್ಣೆಯನ್ನು ಸದಾ ಹೆಚ್ಚಿನ ಒತ್ತಡದಲ್ಲಿ ಕೂಡಿಡುವ ವಿಧಾನವನ್ನು ರೂಪಿಸಿದರು. ಇದೇ ಕಾಮನ್ ರೈಲ್. ಇದನ್ನು ಜರ್ಮನಿಯ ಬಾಷ್ ಸಂಸ್ಥೆಯು ಪಡೆದು ಉತ್ಪಾದನೆಗೆ ಒಗ್ಗಿಸಿತು. ೧೯೯೭ರಲ್ಲಿ ಆಲ್ಫಾ ರೋಮಿಯೋ ೧೫೬ ಎಂಬ ಕಾರಿನಲ್ಲಿ ಇದು ಮಾರುಕಟ್ಟೆಗೆ ಬಂದಿತು. ಮುಂದಿನ ಹೆಜ್ಜೆಯೇ ಮಲ್ಟಿಜೆಟ್. ಒಂದು ಆವರ್ತದಲ್ಲಿ ಎಣ್ಣೆಯನ್ನು ಒಮ್ಮೆಗೇ ಸುರಿಯದೆ ಐದು ಬಾರಿಯವರೆಗೆ ಹಂಚಿ ಚಿಮುಕಿಸುವುದು ಇದರ ವೈಶಿಷ್ಟ್ಯ. ಉರಿ ಮೆಲ್ಲನೆ ಹತ್ತುತ್ತದೆ, ಸದ್ದು ತಗ್ಗುತ್ತದೆ, ಎಣ್ಣೆಯೂ ಉಳಿಯುತ್ತದೆ.

೨೦೦೦ದಲ್ಲಿ ಫಿಯಟ್ ಸಂಸ್ಥೆಯು ಅಮೆರಿಕದ ಜನರಲ್ ಮೋಟಾರ್ಸ್‌ನೊಡನೆ ಮೈತ್ರಿ ಮಾಡಿಕೊಂಡು, ಎಂಜಿನ್ನುಗಳನ್ನು ಕೂಡಿ ತಯಾರಿಸಲು ಒಂದು ಜಂಟಿ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಫಲವಾಗಿ ೧೨೪೮ ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರಿನ ಪುಟ್ಟ ಮಲ್ಟಿಜೆಟ್ ಎಂಜಿನ್ನು ೨೦೦೩ರಲ್ಲಿ ಪೋಲೆಂಡ್ ದೇಶದ ಕಾರ್ಖಾನೆಯಿಂದ ಹೊರಬಿದ್ದಿತು. ಮೈತ್ರಿ ಮಾತ್ರ ಬಾಳಲಿಲ್ಲ. ಒಪ್ಪಂದದಂತೆ ಫಿಯಟ್ಟಿನ ಕಾರು ವ್ಯವಹಾರವನ್ನು ಕೊಳ್ಳಬೇಕಾದ ಹೊಣೆಯಿಂದ ಬಿಡುಗಡೆ ಹೊಂದಲು ಜನರಲ್ ಮೋಟಾರ್ಸ್ ೨೦೦೫ರಲ್ಲಿ ೧೫೫ ಕೋಟಿ ಯೂರೋ ತೆತ್ತಿತು. ದಂಪತಿಗಳು ಬೇರೆಯಾದರೂ ಕೂಸು ಇಬ್ಬರಿಗೂ ಸೇರಿದ್ದಾಗಿ ಉಳಿಯಿತು. ಯೂರೋಪಿನಲ್ಲಿ ಫಿಯಟ್, ಓಪೆಲ್, ಸುಜುಕಿ, ಬಳಿಕ ಫೋರ್ಡ್ ಸಂಸ್ಥೆಯ ಕಾ ಎಂಬ ಪುಟ್ಟ ಕಾರು ಸಹ ಇದನ್ನು ಹೊತ್ತವು. ಒಬ್ಬೊಬ್ಬರೂ ಇದಕ್ಕೆ ತಮತಮಗೆ ಬೇಕಾದ ಹೆಸರನ್ನಿಟ್ಟುಕೊಂಡರು.

ಭಾರತದಲ್ಲಿ ಮಾರುತಿ ಸುಜುಕಿ ಸಂಸ್ಥೆಯು ೨೦೦೭ರ ಜನವರಿಯಲ್ಲಿ ಇದನ್ನು ಸ್ವಿಫ್ಟ್ ಕಾರಿನಲ್ಲಿ ತಂದು ಡಿಡಿಐಎಸ್ ಎಂದು ಕರೆಯಿತು. ಹರಿಯಾಣದ ಮಾನೇಸರದಲ್ಲಿ ಅನುಮತಿಪತ್ರದ ಮೇರೆಗೆ ಎಂಜಿನ್ನಿನ ತಯಾರಿಕೆ ನಡೆಯಿತು. ಪುಣೆಯ ಬಳಿಯ ರಾಂಜಣಗಾಂವ್‌ನಲ್ಲಿ ಫಿಯಟ್ ಮತ್ತು ಟಾಟಾ ಕೂಡಿ ನಡೆಸಿದ ಕಾರ್ಖಾನೆಯಲ್ಲಿಯೂ ಇದು ತಯಾರಾಯಿತು. ಟಾಟಾದವರ ಇಂಡಿಕಾ ವಿಸ್ಟಾ ಮತ್ತು ಮಾಂಜಾಗಳಲ್ಲಿ ಕ್ವಾಡ್ರಾಜೆಟ್ ಎಂದೂ, ಫಿಯಟ್ ಲೀನಿಯಾ ಮತ್ತು ಪುಂಟೋಗಳಲ್ಲಿ ಮೂಲದ ಮಲ್ಟಿಜೆಟ್ ಎಂದೂ ಹೆಸರಾಯಿತು. ಷೆವ್ರೊಲೆ ಸೇಲ್ ಮತ್ತು ಪ್ರೀಮಿಯರ್ ರಿಯೋ ಗಾಡಿಗಳೂ ಇದನ್ನೇ ಆಶ್ರಯಿಸಿದವು.

ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಬೋಧಪ್ರದವಾಗಿ ತೋರುವುದು ೨೦೧೨ರ ಒಂದು ಪ್ರಸಂಗ. ೨೦೧೦ರಲ್ಲಿ ಪೆಟ್ರೋಲಿನ ಬೆಲೆಯ ಮೇಲಿನ ಸರ್ಕಾರದ ಹಿಡಿತ ಸಡಿಲಿತು. ಅದರ ದರ ಏರಿ, ಜನರೆಲ್ಲ ಡೀಸೆಲ್ ಗಾಡಿಗಳ ಕಡೆಗೆ ಹೊರಳಿದರು. ಮಾರುತಿಯ ಸ್ವಂತ ಉತ್ಪಾದನೆ ಬೇಡಿಕೆಗೆ ಸಾಲದಾಯಿತು. ಆಗ ಅದು ೨೦೧೨ರ ಜನವರಿಯಲ್ಲಿ ಫಿಯಟ್ಟಿನ ಭಾರತದ ಸಂಸ್ಥೆಯೊಡನೆ, ವರ್ಷಕ್ಕೆ ಒಂದು ಲಕ್ಷದವರೆಗೆ ಎಂಜಿನ್ನುಗಳನ್ನು ಕೊಳ್ಳುವ ಕರಾರು ಮಾಡಿಕೊಂಡಿತು. ಅಂದರೆ, ಸ್ಪರ್ಧಿಯ ಮನೆಯಲ್ಲಿ ಬೆಂದ ಅನ್ನವನ್ನೇ ಮಾರುತಿಯು ತನ್ನ ಅತಿಥಿಗಳಿಗೆ ಬಡಿಸಿತು. ಅತಿಥಿಗಳು ಚಪ್ಪರಿಸಿ ಉಂಡರು. ಅದೇ ಅನ್ನವನ್ನು ಬೇಯಿಸಿದ ಮನೆಗೆ ಹೋಗಿ ಉಣ್ಣುವುದಕ್ಕೆ ಮಾತ್ರ ಬಹುಮಂದಿ ಹಿಂಜರಿದರು.

ಇದನ್ನು ಕೇವಲ ಹೆಸರಿನ ಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕೊಳ್ಳುವವನ ಭಯಕ್ಕೆ ಕಾರಣವಿತ್ತು. ಫಿಯಟ್ ಕಾರುಗಳು ಬಹುಕಾಲ ಟಾಟಾದವರ ಅಂಗಡಿಗಳಲ್ಲಿಯೇ ಮಾರಾಟವಾಗಿ ದುರಸ್ತಿಯಾಗುತ್ತಿದ್ದವು. ೨೦೧೨ರಲ್ಲಿ ಈ ವ್ಯವಸ್ಥೆಯನ್ನು ಕೈಬಿಡುವುದೆಂದು ನಿಶ್ಚಯವಾಯಿತು. ಸಣ್ಣ ಊರಿನವನು ಕೇಳುವುದು ಎಂಜಿನ್ನು ಎಷ್ಟು ಗಟ್ಟಿ ಎಂದಲ್ಲ. ಕೆಟ್ಟು ನಿಂತ ದಿನ ಬಿಡಿಭಾಗ ಎಲ್ಲಿ ಸಿಗುತ್ತದೆ, ರಿಪೇರಿ ಬಲ್ಲವನು ಎಷ್ಟು ಮೈಲಿ ದೂರದಲ್ಲಿದ್ದಾನೆ ಎಂದು. ಬಾಡಿಗೆ ಗಾಡಿಯನ್ನೇ ನಂಬಿ ಬಾಳುವವನಿಗೆ ಗಾಡಿ ನಿಂತ ದಿನವೆಂದರೆ ಸಂಪಾದನೆ ನಿಂತ ದಿನ.

ಹಾಗಾದರೆ ಎಂಜಿನ್ನಿಗೆ ತನ್ನದೇ ಆದ ಗುಣದೋಷಗಳಿಲ್ಲವೆ? ಉಂಟು, ಅವು ಎಲ್ಲ ಹೆಸರುಗಳ ಕೆಳಗೂ ಒಂದೇ ಬಗೆಯವು. ಇದರಲ್ಲಿ ವಾಲ್ವುಗಳ ಕಾಲವನ್ನು ನಿಯಮಿಸುವುದಕ್ಕೆ ರಬ್ಬರಿನ ಪಟ್ಟಿಯಿಲ್ಲ, ಲೋಹದ ಸರಪಳಿಯಿದೆ. ಅದನ್ನು ಬಿಗಿಯಾಗಿ ಹಿಡಿದಿರುವ ಭಾಗವು ಎಂಜಿನ್ ಆಯಿಲಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲನ್ನು ಕಾಲಕಾಲಕ್ಕೆ ಬದಲಿಸದಿದ್ದರೆ, ಅಥವಾ ಅದರ ಮಟ್ಟ ಇಳಿದರೆ, ಸರಪಳಿ ಸವೆದು ಸಡಿಲವಾಗುತ್ತದೆ. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದಾಗ ಕೇಳುವ ಗಲಗಲ ಸದ್ದು ಅದರ ಎಚ್ಚರಿಕೆ. ಅದನ್ನು ಕಡೆಗಣಿಸಿದರೆ ಸರಪಳಿ ಹಲ್ಲು ತಪ್ಪಿ, ವಾಲ್ವುಗಳು ಪಿಸ್ಟನ್ನಿಗೆ ಬಡಿದು, ಎಂಜಿನ್ನೇ ಹಾಳಾಗಬಹುದು. ಕಲ್ಮಷದ ಡೀಸೆಲ್ಲಿನಿಂದ ಇಂಜೆಕ್ಟರುಗಳು ಕೆಡುವುದೂ ಇಂತಹುದೇ. ಇನ್ನು ಕ್ಲಚ್ಚು, ಗೇರುಪೆಟ್ಟಿಗೆ, ತಂತಿಜಾಲ, ತಂಪು ಮಾಡುವ ಏರ್ಪಾಡು ಇವು ಆಯಾ ಗಾಡಿಯವರ ಹೊಣೆ. ಸಾಮರ್ಥ್ಯವೂ ಒಂದೇ ಅಲ್ಲ: ಸ್ವಿಫ್ಟಿನಲ್ಲಿ ಸುಮಾರು ೭೫ ಅಶ್ವಶಕ್ತಿ ಕೊಡುತ್ತಿದ್ದುದು, ಬೇರೆ ಬಗೆಯ ಟರ್ಬೊ ಸೇರಿಸಿದ ಮಾಂಜಾ ಮತ್ತು ಎರ್ಟಿಗಾಗಳಲ್ಲಿ ಸುಮಾರು ೯೦ ಕೊಡುತ್ತಿತ್ತು. ಒಂದೇ ಎತ್ತಾದರೂ ಹೂಡಿದ ನೊಗವನ್ನೂ ಹೊರಿಸಿದ ಭಾರವನ್ನೂ ನೋಡಿ ದುಡಿಮೆಯನ್ನು ಅಳೆಯಬೇಕಷ್ಟೆ.

ಒಟ್ಟು ಬಾಳಿಗೆ ಒಟ್ಟು ಅಂತ್ಯವೂ ಇದೆ. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರು ಎಂಬ ಹೊಗೆಯ ಕಟ್ಟಳೆ ಜಾರಿಗೆ ಬಂದಿತು. ಈ ಚಿಕ್ಕ ಎಂಜಿನ್ನನ್ನು ಅದಕ್ಕೆ ಒಗ್ಗಿಸುವ ವೆಚ್ಚವನ್ನು ಹೊರಲು ಯಾರೂ ಮುಂದಾಗಲಿಲ್ಲ. ಡೀಸೆಲ್ ಕಾರುಗಳನ್ನು ನಿಲ್ಲಿಸುವುದಾಗಿ ಮಾರುತಿಯು ೨೦೧೯ರಲ್ಲಿಯೇ ಸಾರಿತ್ತು. ಉಳಿದ ಮನೆಗಳಲ್ಲಿಯೂ ದೀಪ ಒಂದೊಂದಾಗಿ ಆರಿತು.

ಆದರೂ ಆ ಗಾಡಿಗಳು ನಮ್ಮ ರಸ್ತೆಗಳಿಂದ ಮರೆಯಾಗಿಲ್ಲ. ಅವುಗಳಲ್ಲೊಂದನ್ನು ಹಳೆಯದಾಗಿ ಕೊಳ್ಳಲು ಹೊರಟವರು ಮುಂದಿನ ಹೆಸರನ್ನು ಓದಿ ತೃಪ್ತರಾಗಬಾರದು. ಎಂಜಿನ್ನು ಗಟ್ಟಿಯದೆಂಬ ಮಾತನ್ನು ಕೇಳಿ ಮೈಮರೆಯಲೂ ಬಾರದು. ಹಿಂದಿನ ಯಜಮಾನನು ಆಯಿಲನ್ನು ಯಾವಾಗ ಯಾವಾಗ ಬದಲಿಸಿದನೆಂಬ ಲೆಕ್ಕವನ್ನು ಕೇಳಬೇಕು. ಬೆಳಗಿನ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿಸಿ ಕಿವಿಗೊಡಬೇಕು. ಹುಟ್ಟಿನಲ್ಲಿ ಸಮನಾದ ಈ ಎಂಜಿನ್ನುಗಳಲ್ಲಿ ಯಾವುದು ಇನ್ನೂ ನಂಬಿಕೆಗೆ ಅರ್ಹವೆಂಬುದನ್ನು ಈಗ ಹೇಳಬಲ್ಲುದು ಆ ಲೆಕ್ಕದ ಹಾಳೆಯೇ.