ಕಂಡ ಆಕಾರ, ಕಾಣದ ಚಲನೆ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಮ್ಮ ಹಿರಿಯರು ಲೋಕವ್ಯವಹಾರಕ್ಕಾಗಿ ಹೇಳಿದರು. ಆಕಾಶದ ವಿಚಾರದಲ್ಲಿಯೂ ಅದು ಸಲ್ಲುವ ಮಾತೇ. ವಿದ್ವಾಂಸರು ಐವತ್ತು ವರ್ಷ ನಂಬಿಕೊಂಡಿದ್ದ ಊಹೆಯೊಂದು ಅಳತೆಯ ಮುಂದೆ ನಿಲ್ಲದೆ ಹೋದ ಕಥೆ ಇದು.

ಅಮೆರಿಕದ ಎಡ್ವಿನ್ ಹಬಲ್ 1926ರಲ್ಲಿ ನಕ್ಷತ್ರಗಳ ಮಹಾಸಮೂಹಗಳಾದ ಗೆಲಕ್ಸಿಗಳನ್ನು ರೂಪಕ್ಕೆ ತಕ್ಕಂತೆ ವಿಂಗಡಿಸಿದರು. ಸುರುಳಿತೋಳುಗಳಿಲ್ಲದೆ ಮೊಟ್ಟೆಯಂತೆ ನುಣುಪಾಗಿ ತೋರುವಂಥವು ದೀರ್ಘವೃತ್ತೀಯ ಗೆಲಕ್ಸಿಗಳು. ದುಂಡಗೆ ಕಾಣುವುದಕ್ಕೆ ಸೊನ್ನೆ, ತೀರ ಚಪ್ಪಟೆಯಾದುದಕ್ಕೆ ಏಳು, ಹೀಗೆ ಅಂಕಗಳನ್ನು ಕೊಟ್ಟರು. ಆದರೆ ಈ ಅಂಕ ಕಂಡ ಆಕಾರದ್ದು, ನಿಜವಾದ ಆಕಾರದ್ದಲ್ಲ. ತಟ್ಟೆಯನ್ನು ಎದುರಿನಿಂದ ನೋಡಿದರೆ ದುಂಡು. ಅಂಚಿನಿಂದ ನೋಡಿದರೆ ಗೆರೆ. ಗೆಲಕ್ಸಿಯನ್ನು ಪ್ರದಕ್ಷಿಣೆ ಮಾಡಿ ನೋಡುವ ಭಾಗ್ಯ ನಮಗಿಲ್ಲ.

ಇವು ಚಪ್ಪಟೆಯಾದುದೇಕೆ? ತನ್ನ ಸುತ್ತ ತಿರುಗುವ ಭೂಮಿ ಧ್ರುವಗಳಲ್ಲಿ ತುಸು ಅಮುಕಿದಂತಿದೆ; ಇನ್ನೂ ವೇಗವಾಗಿ ತಿರುಗುವ ಗುರುಗ್ರಹ ಮತ್ತಷ್ಟು ಅಮುಕಿದೆ. ಗೆಲಕ್ಸಿಗಳ ಪಾಡೂ ಹೀಗೆಯೇ ಎಂದು ಭಾವಿಸಿದರು.

ಪರೀಕ್ಷೆಗೆ ಬೆಳಕೇ ಸಾಧನ. ಗೆಲಕ್ಸಿಯ ಒಟ್ಟು ಚಲನೆಯನ್ನು ಕಳೆದ ಮೇಲೆ, ವರ್ಣಪಟಲದ ಕಪ್ಪು ಗೆರೆಗಳು ಒಂದು ಪಕ್ಕದಲ್ಲಿ ನೀಲಿಯತ್ತಲೂ ಇನ್ನೊಂದು ಪಕ್ಕದಲ್ಲಿ ಕೆಂಪಿನತ್ತಲೂ ಸರಿದಿದ್ದರೆ ಅದು ತಿರುಗುತ್ತಿದೆ. ಗೆರೆಗಳು ಹರಡಿ ಅಗಲವಾಗಿದ್ದರೆ, ನಕ್ಷತ್ರಗಳು ಜಾತ್ರೆಯ ಜನದಂತೆ ದಿಕ್ಕುದಿಕ್ಕಿಗೆ ಓಡುತ್ತಿವೆ.

1975ರಲ್ಲಿ ಇಟಲಿಯ ಬೆರ್ತೋಲಾ ಮತ್ತು ಕಪಚ್ಚಿಯೋಲಿ ಕನ್ಯಾರಾಶಿಯ ಎನ್‌ಜಿಸಿ 4697 ಗೆಲಕ್ಸಿಯನ್ನು ಅಳೆದರು. ಅದರ ಚಪ್ಪಟೆತನಕ್ಕೆ ಬೇಕಾದಷ್ಟು ವೇಗ ಅಲ್ಲಿರಲಿಲ್ಲ. 1977ರಲ್ಲಿ ಇಲ್ಲಿಂಗ್‌ವರ್ತ್ 13 ಗೆಲಕ್ಸಿಗಳನ್ನು ಅಳೆದಾಗಲೂ ಇದೇ ಫಲ.

ಹಾಗಾದರೆ ಆಕಾರವನ್ನು ಹಿಡಿದಿಟ್ಟದ್ದು ಯಾವುದು? ಇಂಗ್ಲೆಂಡಿನ ಜೇಮ್ಸ್ ಬಿನ್ನಿ 1976ರಲ್ಲಿಯೇ ದಾರಿ ತೋರಿದ್ದರು. ಅನಿಲದ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ವೇಗವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಕೊಳ್ಳುತ್ತವೆ. ನಕ್ಷತ್ರಗಳು ಡಿಕ್ಕಿ ಹೊಡೆಯುವುದು ಇಲ್ಲವೆನ್ನುವಷ್ಟು ಅಪೂರ್ವ. ಆದ್ದರಿಂದ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂಬ ವೇಗದ ತಾರತಮ್ಯ ಕೋಟ್ಯಂತರ ವರ್ಷ ಅಳಿಯದೆ ಉಳಿಯುತ್ತದೆ. ವೇಗ ಹೆಚ್ಚಿದ್ದ ಕಡೆಗೆ ಗೆಲಕ್ಸಿ ನೀಳವಾಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆಯಾದ ರೂಪವೂ ಸಾಧ್ಯ. ಅಂಥ ರೂಪ ಸ್ಥಿರವಾಗಿ ನಿಲ್ಲಬಲ್ಲದೆಂದು ಮಾರ್ಟಿನ್ ಷ್ವಾರ್ಟ್ಸ್‌ಚೈಲ್ಡ್ 1979ರಲ್ಲಿ ಗಣಕಯಂತ್ರದ ಲೆಕ್ಕದಿಂದ ತೋರಿಸಿದರು.

ಹಳೆಯ ಊಹೆ ಪೂರ್ತಿ ಸುಳ್ಳೂ ಆಗಲಿಲ್ಲ. ಮಂಕಾದ ಚಿಕ್ಕ ಗೆಲಕ್ಸಿಗಳು ವೇಗವಾಗಿಯೇ ತಿರುಗುತ್ತವೆಂದು 1983ರ ಅಳತೆಗಳು ತಿಳಿಸಿದವು. ದೀರ್ಘವೃತ್ತೀಯ ಮತ್ತು ಮಸೂರಾಕಾರದ 260 ಗೆಲಕ್ಸಿಗಳನ್ನು ಅಳೆದು 2011ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ನೂರಕ್ಕೆ 86 ಈ ಬಗೆಯವೇ. ಮಂದವಾಗಿ ತಿರುಗುವವುಗಳಲ್ಲಿ ಅತಿ ಭಾರದವೇ ಮುಖ್ಯ. ಚಿತ್ರದಲ್ಲಿ ಅಕ್ಕತಂಗಿಯರಂತೆ ಕಾಣುವ ಎರಡು ಗೆಲಕ್ಸಿಗಳು ಒಳಗೆ ಬೇರೆಬೇರೆ ಜಾತಿಯವಾಗಿರಬಹುದು. ಹಬಲ್ಲರ ಅಂಕಗಳು ಇಂದಿಗೂ ಬಳಕೆಯಲ್ಲಿವೆ. ಆದರೆ ಅವು ಮುಖದ ಪರಿಚಯವೇ ಹೊರತು ಮನೆತನದ ಪರಿಚಯವಲ್ಲವೆಂದು ಈಗ ನಾವು ಬಲ್ಲೆವು.