ಮೈಸೂರಿನ ಜಾವಾ: ಹೊಗೆ ಹೇಳುವ ಕಥೆ

ಹಳೆಯ ಜಾವಾ ಅಥವಾ ಯೆಜ್ದಿ ಮೋಟಾರ್ ಸೈಕಲ್ ಇಟ್ಟುಕೊಂಡವರು ಇಬ್ಬರು ಸೇರಿದರೆ ಮಾತು ಬೇಗನೆ ಆಯಿಲ್‌ನತ್ತ ತಿರುಗುತ್ತದೆ. ಪೆಟ್ರೋಲಿಗೆ ಎಷ್ಟು ಬೆರೆಸುತ್ತೀರಿ? ಸೈಲೆನ್ಸರಿನ ಮಸಿ ಕೆರೆದು ಎಷ್ಟು ದಿನವಾಯಿತು? ಘಾಟಿ ಇಳಿಯುವಾಗ ಏನು ಮಾಡುತ್ತೀರಿ? ಈ ಪ್ರಶ್ನೆಗಳಿಗೆಲ್ಲ ಮೂಲ ಒಂದೇ: ಅದರ ಟೂ ಸ್ಟ್ರೋಕ್ ಎಂಜಿನ್.

ಜಾವಾ ಹುಟ್ಟಿದ್ದು ಚೆಕೊಸ್ಲೊವಾಕಿಯದಲ್ಲಿ. 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡರು. ರೋಮನ್ ಲಿಪಿಯಲ್ಲಿ ಈ ಎರಡು ಹೆಸರುಗಳ ಮೊದಲೆರಡು ಅಕ್ಷರಗಳು ಕೂಡಿ 'ಜಾವಾ' ಆಯಿತು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ತಯಾರಿಕೆ ಆರಂಭವಾಯಿತು. 1970ರ ದಶಕದಲ್ಲಿ ಹೆಸರು ಯೆಜ್ದಿ ಎಂದಾಯಿತು.

ಈ ಎಂಜಿನ್ನಿನ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಚಲಿಸುವ ದೂರ 75 ಮಿ.ಮೀ. ಗಾತ್ರ ಎಷ್ಟೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಸುಮಾರು 249 ಘನ ಸೆಂ.ಮೀ. ಬರುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿದರೆ, ಇಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ.

ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಸೇರುವುದು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಗೆ. ಹಾಗಾಗಿ ಅಲ್ಲಿ ಆಯಿಲ್ ತುಂಬಿಡುವಂತಿಲ್ಲ, ಪೆಟ್ರೋಲಿನಲ್ಲೇ ಬೆರೆಸಬೇಕು. 25 ಪಾಲಿಗೆ 1 ಪಾಲೆಂದರೆ ಲೀಟರಿಗೆ 40 ಮಿ.ಲೀ. ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದರೆ ಎಂಜಿನ್ ವೇಗವಾಗಿಯೇ ತಿರುಗುತ್ತದೆ, ಆದರೆ ಪೆಟ್ರೋಲಿನೊಡನೆ ಆಯಿಲೂ ಕಡಿಮೆಯಾಗುತ್ತದೆ. ಪಿಸ್ಟನ್ ಬಿಸಿಯಾಗಿ ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. 'ಘಾಟಿಯಲ್ಲಿ ಆಗಾಗ ಥ್ರಾಟಲ್ ಕೊಡಿ' ಎಂಬ ಅನುಭವಿಗಳ ಮಾತಿಗೆ ಇದೇ ಕಾರಣ. ಪೂರ್ತಿ ಉರಿಯದ ಆಯಿಲ್ ನೀಲಿ ಹೊಗೆಯಾಗುತ್ತದೆ. ಹೊರದ್ವಾರದಲ್ಲಿ ಮಸಿಯಾಗಿ ಕಟ್ಟಿ ಶಕ್ತಿಯನ್ನು ಕುಂದಿಸುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಕಾಣದು. ಹೊಸ ಮಿಶ್ರಣ ಒಳಬರುವಾಗ ಹೊಗೆಯ ದ್ವಾರವೂ ತೆರೆದಿರುವುದರಿಂದ ಅದರ ಒಂದು ಪಾಲು ಉರಿಯದೆಯೇ ಹೊರಹೋಗುತ್ತದೆ. ಇಂಧನವೂ ವ್ಯರ್ಥ, ಗಾಳಿಗೆ ಹೈಡ್ರೋಕಾರ್ಬನ್ನುಗಳ ಹೊರೆಯೂ ಹೆಚ್ಚು. 1985ರಲ್ಲಿ ಹೀರೋ ಹೋಂಡಾದ 100 ಸಿ.ಸಿ. ಫೋರ್ ಸ್ಟ್ರೋಕ್ ವಾಹನ ಬಂದ ಮೇಲೆ ಕೊಳ್ಳುವವರು ಮೈಲೇಜ್ ಕೇಳತೊಡಗಿದರು. 1996ರಲ್ಲಿ ದೇಶದ ಹೊಗೆ ನಿಯಮಗಳು ಬಿಗಿಯಾದವು. ಅದೇ ವರ್ಷ ಮೈಸೂರಿನ ಕಾರ್ಖಾನೆ ಮುಚ್ಚಿತು. ಅದಕ್ಕೆ ಎಂಜಿನ್ ಒಂದೇ ಕಾರಣವಲ್ಲ. ಆದರೆ ಕಾಲ ಅದರ ಪರವಾಗಿರಲಿಲ್ಲ. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದರೊಳಗಿದ್ದುದು 293 ಸಿ.ಸಿ.ಯ ಫೋರ್ ಸ್ಟ್ರೋಕ್ ಎಂಜಿನ್.

ಹಳೆಯ ಗಾಡಿಯನ್ನು ಜೋಪಾನ ಮಾಡುವವರ ಶ್ರದ್ಧೆ ಮೆಚ್ಚತಕ್ಕದ್ದು. ಒಳಗೇನು ನಡೆಯುತ್ತದೆಂದು ತಿಳಿಯದೆ ಅದನ್ನು ಓಡಿಸುವುದು ಕಷ್ಟವಾದ್ದರಿಂದ ಎಷ್ಟೋ ಮಂದಿಗೆ ಅದೇ ಯಂತ್ರಶಾಸ್ತ್ರದ ಮೊದಲ ಪಾಠವಾಯಿತು. ಆದರೆ ಅದರ ಹೊಗೆಯನ್ನು ಉಸಿರಾಡಿದವರು ಸವಾರರಷ್ಟೇ ಅಲ್ಲ, ರಸ್ತೆಯ ಬದಿಯಲ್ಲಿ ನಡೆದವರೂ ಹೌದು. ಪಾಠದಲ್ಲಿ ಎರಡನ್ನೂ ಹೇಳಬೇಕು.