ಚೆಕ್‌ರೋಲ್‌ನಲ್ಲಿ ಕಂಡ ಏರಿಳಿತ

ಅರೇಹಳ್ಳಿ ಕಡೆಯ ಕಾಫಿ ತೋಟವೊಂದರಲ್ಲಿ ನಮ್ಮ ಚಿಕ್ಕಪ್ಪ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿದು ಚೆಕ್‌ರೋಲ್ ಬರೆಯುವುದು ಅವರ ಕೆಲಸ. ಒಂದು ವರ್ಷ ಹೂಮಳೆ ಬಿದ್ದ ವಾರದಲ್ಲೇ ಅವರಿಗೆ ನಿದ್ದೆ ತಪ್ಪಿತು. ರಾತ್ರಿ ಎರಡು ಗಂಟೆಗೆ ಎದ್ದು ತೋಟ ಸುತ್ತುವರು, ಮೆಣಸಿನ ವ್ಯಾಪಾರ ಮಾಡುತ್ತೇನೆಂದು ಸಿಕ್ಕವರ ಹತ್ತಿರ ಕೈಸಾಲ ಎತ್ತುವರು, ಮಾತು ಶುರುವಾದರೆ ನಿಲ್ಲದು. ಊರು ‘ಗಾಳಿ ಸೋಕಿದೆ’ ಎಂದಿತು. ಅದಕ್ಕೆ ಎಂಟು ತಿಂಗಳ ಮುಂಚೆ ಇದೇ ಮನುಷ್ಯ ಗೋಡೆ ಕಡೆ ಮುಖ ಮಾಡಿ ವಾರಗಟ್ಟಲೆ ಮಲಗಿದ್ದರು. ಆಗ ಊರು ಏನೂ ಅನ್ನಲಿಲ್ಲ. ಎರಡೂ ಒಂದೇ ಕಾಯಿಲೆ ಎಂದು ತಿಳಿಯಲು ನಮ್ಮ ಮನೆಗೆ ಆರು ವರ್ಷ ಬೇಕಾಯಿತು.

ವೈದ್ಯಶಾಸ್ತ್ರಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಯಿತು. ಉನ್ಮಾದ, ವಿಷಾದ ಎಂಬ ಎರಡು ಹೆಸರೂ ಹಳೆಯವು. ಅವೆರಡನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು 1854ರ ಪ್ಯಾರಿಸ್. ಫಾಲ್ರೆ, ಬೈಯಾರ್ಜೆ ಎಂಬ ಇಬ್ಬರು ವೈದ್ಯರು ಒಂದೇ ವರ್ಷ ಬೇರೆಬೇರೆಯಾಗಿ ಈ ಮಾತು ಹೇಳಿ, ಮೊದಲು ಕಂಡವರು ಯಾರೆಂದು ಜಗಳವನ್ನೂ ಆಡಿದರು. ಆದರೆ ಇಂದಿಗೂ ಉಳಿದಿರುವ ವಿಧಾನ ಜರ್ಮನಿಯ ಎಮಿಲ್ ಕ್ರೇಪೆಲಿನ್‌ರದು. ಪ್ರತಿ ರೋಗಿಗೂ ಒಂದೊಂದು ಕಾರ್ಡು ಇಟ್ಟು, ಆತ ಯಾವಾಗ ಬಂದ, ಯಾವಾಗ ವಾಸಿಯಾಗಿ ಹೋದ, ಮತ್ತೆ ಯಾವಾಗ ಮರಳಿದ ಎಂದು ವರ್ಷಗಟ್ಟಲೆ ಬರೆದುಕೊಂಡರು. ಅವರ ಗಮನ ಇವತ್ತಿನ ಲಕ್ಷಣಕ್ಕಿಂತ ಕಾಯಿಲೆ ನಡೆದು ಬಂದ ದಾರಿಯ ಮೇಲೆ ಇತ್ತು. ಬಂದು ಹೋಗುತ್ತ, ನಡುವೆ ಮನುಷ್ಯನನ್ನು ಮನುಷ್ಯನಾಗಿ ಉಳಿಸುವ ಕಾಯಿಲೆಗೆ ಅವರು 1899ರಲ್ಲಿ ಉನ್ಮಾದ-ಖಿನ್ನತೆಯ ಕಾಯಿಲೆ ಎಂದು ಹೆಸರಿಟ್ಟರು. ಮುಂದೆ ಕಾರ್ಲ್ ಲಿಯೋನ್‌ಹಾರ್ಡ್ 1957ರಲ್ಲಿ, ಬರೀ ಖಿನ್ನತೆ ಬರುವವರನ್ನೂ ಎರಡೂ ಬರುವವರನ್ನೂ ಬೇರ್ಪಡಿಸಿದರು; 1966ರಲ್ಲಿ ಆಂಗ್ಸ್ಟ್ ಮತ್ತು ಪೆರಿಸ್ ಅವರ ಕುಟುಂಬ ಅಧ್ಯಯನಗಳು ಅದನ್ನು ಗಟ್ಟಿ ಮಾಡಿದವು.

ಹೆಸರು ಬದಲಾದರೆ ರೋಗಿಗೇನು ಲಾಭ? 1949ರ ತನಕ ಹೆಚ್ಚೇನೂ ಇರಲಿಲ್ಲ. ಆ ವರ್ಷ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಕೊಟ್ಟು ಗುಣ ಕಂಡರು. ಅಲ್ಲಿಂದಾಚೆ ರೋಗದ ಹೆಸರು ತಪ್ಪಿದರೆ ಮದ್ದೂ ತಪ್ಪುವಂತಾಯಿತು. ಹೆಸರು ಎಷ್ಟು ತಪ್ಪುತ್ತಿತ್ತು ಎಂಬುದು 1972ರಲ್ಲಿ ಪ್ರಕಟವಾದ ನ್ಯೂಯಾರ್ಕ್-ಲಂಡನ್ ಹೋಲಿಕೆಯಲ್ಲಿ ಬಯಲಾಯಿತು. ನ್ಯೂಯಾರ್ಕ್ ವೈದ್ಯರು ಸ್ಕಿಜೋಫ್ರೇನಿಯಾ ಎನ್ನುತ್ತಿದ್ದಂಥ ರೋಗಿಗಳಲ್ಲಿ ಹಲವರನ್ನು ಲಂಡನ್ನಿನವರು ಉನ್ಮಾದ-ಖಿನ್ನತೆಯವರು ಎನ್ನುತ್ತಿದ್ದರು. ಎರಡೂ ಕಡೆ ಒಂದೇ ಬಗೆಯ ಪ್ರಶ್ನೆ ಕೇಳಿ ನೋಡಿದಾಗ ಅಂತರ ಬಹುಮಟ್ಟಿಗೆ ಕರಗಿತು. ವ್ಯತ್ಯಾಸ ರೋಗಿಗಳಲ್ಲಿ ಇದ್ದದ್ದು ಕಡಿಮೆ, ಕೇಳುವವರಲ್ಲಿ ಹೆಚ್ಚು.

ಆ ಬಳಿಕ ದಿನ ಎಣಿಸುವ ಕಾಲ ಬಂತು. 1980ರ ಅಮೆರಿಕನ್ ಮನೋವೈದ್ಯರ ಕೈಪಿಡಿ ‘ಬೈಪೋಲಾರ್’ ಎಂಬ ಹೆಸರನ್ನು ಒಪ್ಪಿತು. ಈಗಿನ ಲೆಕ್ಕದಲ್ಲಿ ಉನ್ಮಾದ ಸಾಮಾನ್ಯವಾಗಿ ಒಂದು ವಾರವಾದರೂ ಇರಬೇಕು, ಅದರ ಸೌಮ್ಯ ರೂಪವಾದ ಹೈಪೊಮೇನಿಯಾಕ್ಕೆ ನಾಲ್ಕು ದಿನ, ಖಿನ್ನತೆಗೆ ಎರಡು ವಾರ. 2013ರಿಂದ ಬರೀ ಉಬ್ಬಿದ ಮನಸ್ಸು ಸಾಲದು, ಚಟುವಟಿಕೆಯೋ ಚೈತನ್ಯವೋ ಕೂಡ ಏರಿರಬೇಕು. ಹೈಪೊಮೇನಿಯಾ ಮತ್ತು ಖಿನ್ನತೆ ಮಾತ್ರ ಇರುವ ಎರಡನೇ ಬಗೆ ಅಮೆರಿಕನ್ ಕೈಪಿಡಿಗೆ 1994ರಲ್ಲಿ ಬಂತು; ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಸ್ವಂತ ಜಾಗ ಸಿಕ್ಕಿದ್ದು 2022ರಲ್ಲಿ ಜಾರಿಯಾದ ಹೊಸ ಆವೃತ್ತಿಯಲ್ಲಿ. ಜೊತೆಗೆ ಅಳತೆಪಟ್ಟಿಗಳೂ ಬಂದವು: ಖಿನ್ನತೆಗೆ 1960ರ ಹ್ಯಾಮಿಲ್ಟನ್, ಉನ್ಮಾದಕ್ಕೆ 1978ರ ಯಂಗ್, ಅದರಲ್ಲಿ 11 ಅಂಶ. ಇವು ಜ್ವರದ ಕಡ್ಡಿಯಿದ್ದಂತೆ. ಎಷ್ಟು ಏರಿದೆ ಎಂದು ಹೇಳುತ್ತವೆ, ಯಾಕೆ ಏರಿದೆ ಎಂದು ಹೇಳವು.

ಕರ್ನಾಟಕದ ಕೊಡುಗೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಕೇಳಿ ಗುರುತಿಸುವ ಈ ಕೆಲಸದಲ್ಲೇ. ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಮುಂದೆ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾದ ಆರ್.ಎಲ್. ಕಪೂರ್ ಕರಾವಳಿಯ ಕೋಟ ಗ್ರಾಮದಲ್ಲಿ ನಿಂತು, ಬ್ರಾಹ್ಮಣರು, ಬಂಟರು, ಮೊಗವೀರರ ಮನೆಗಳಲ್ಲಿ ಮನಸ್ಸಿನ ಕಷ್ಟಗಳನ್ನು ವಿಚಾರಿಸಿದರು. ಆ ಅಧ್ಯಯನ 1976ರಲ್ಲಿ ಪುಸ್ತಕವಾಯಿತು. ಅದಕ್ಕೆಂದೇ ಭಾರತದ ಹಳ್ಳಿಗೆ ಹೊಂದುವ, ಹಂತಹಂತವಾಗಿ ಕೇಳುವ ಪ್ರಶ್ನಾವಳಿಯೊಂದು ಸಿದ್ಧವಾಗಿ, 1974ರಲ್ಲಿ ಪ್ರಕಟವಾಗಿತ್ತು. ಜನ ವೈದ್ಯರ ಬಳಿ ಹೋಗುತ್ತಾರೆಯೇ, ಮಂತ್ರವಾದಿಯ ಬಳಿಯೇ, ದೈವ ಮೈಮೇಲೆ ಬರುವ ಪಾತ್ರಿಯ ಬಳಿಯೇ ಎಂಬುದನ್ನೂ ಅವರು ಗೌರವದಿಂದ ಕೇಳಿಕೊಂಡರು. ಅದೇ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಅಂಚಿನ ಸಕಲವಾರದಲ್ಲಿ ಹಳ್ಳಿಗಳಿಗೆಂದೇ ಕೇಂದ್ರ ತೆರೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಗುರುತಿಸಲು ಕಲಿಸಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಸಕಲವಾರ ಸುತ್ತಿನ ರೋಗಿಗಳ ಬಗ್ಗೆ 2006ರಲ್ಲಿ, ನಿಮ್ಹಾನ್ಸ್‌ಗೆ ಬಂದವರ ಬಗ್ಗೆ 2016ರಲ್ಲಿ ಪ್ರಕಟವಾದ ಬರಹಗಳು ಒಂದು ವಿಶೇಷ ಹೇಳುತ್ತವೆ: ನಮ್ಮಲ್ಲಿ ಉನ್ಮಾದದ ಸರದಿ ಹೆಚ್ಚು, ಪಾಶ್ಚಾತ್ಯರಲ್ಲಿ ಖಿನ್ನತೆಯದು ಹೆಚ್ಚು. ಇದು ನಿಜವಾದ ಭೇದವೇ ಇರಬಹುದು. ಆದರೆ ನಮ್ಮ ಮನೆಯ ಅನುಭವದಿಂದ ಇನ್ನೊಂದು ಸಂಶಯ ನನ್ನನ್ನು ಕಾಡುತ್ತದೆ. ಕೂಗಾಡುವವನನ್ನು ಜೀಪಿನಲ್ಲಿ ಕೂರಿಸಿಕೊಂಡು ಬೇಲೂರಿಗೆ ಓಡುತ್ತೇವೆ. ಸುಮ್ಮನೆ ಮಲಗಿದವನನ್ನು ಯಾರು ಕರೆದೊಯ್ಯುತ್ತಾರೆ? ದಾಖಲೆಗೆ ಸೇರದ ಖಿನ್ನತೆ ಎಷ್ಟಿದೆಯೋ.

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ಎರಡನೇ ಸಲ ಮಲಗಿದಾಗ ಚಿಕ್ಕಪ್ಪನನ್ನು ಪೇಟೆಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಅಲ್ಲಿ ಖಿನ್ನತೆ ಎಂದು ಮಾತ್ರೆ ಕೊಟ್ಟರು. ಹಿಂದೆ ಎಂದಾದರೂ ಅತಿಯಾದ ಹುರುಪು ಬಂದಿತ್ತೇ ಎಂದು ಕೇಳಲಿಲ್ಲ. ಕೇಳದೆ ಇದ್ದುದರಿಂದ ನಾವೂ ಹೇಳಲಿಲ್ಲ. ಮೂರು ವಾರದಲ್ಲಿ ಮತ್ತೆ ನಡುರಾತ್ರಿ ತೋಟ ಸುತ್ತತೊಡಗಿದರು. ಮನಸ್ಸಿನ ಏರಿಳಿತವನ್ನು ಹಿಡಿದು ನಿಲ್ಲಿಸುವ ಮದ್ದಿಲ್ಲದೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಉನ್ಮಾದಕ್ಕೆ ತಿರುಗುವುದುಂಟು.

ರಕ್ತಪರೀಕ್ಷೆ ಈ ಕಾಯಿಲೆಯನ್ನು ತೋರಿಸದು. ಥೈರಾಯ್ಡ್, ಸ್ಟೀರಾಯ್ಡ್ ಮದ್ದು, ಕುಡಿತ ಇವುಗಳಿಂದ ಹೀಗಾಗಿಲ್ಲ ಎಂದು ಖಚಿತಪಡಿಸಿಕೊಳ್ಳಲು ಪರೀಕ್ಷೆ ಬೇಕು, ಲಿಥಿಯಂ ಕೊಟ್ಟ ಮೇಲೆ ಅದರ ಮಟ್ಟ ಅಳೆಯಲೂ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಜೊತೆ ಸಂಸ್ಥೆಗಳು ಒಂದೇ ಮನೆತನದಲ್ಲಿ ಹಲವರಿಗೆ ಮನೋರೋಗ ಇರುವ ಕುಟುಂಬಗಳ ಜೀನ್ ಮತ್ತು ಜೀವಕೋಶಗಳನ್ನು ಅಭ್ಯಾಸ ಮಾಡುತ್ತಿವೆ. ಅದರಿಂದ ನಾಳೆ ಏನಾದರೂ ಹೊರಬಂದೀತು. ಇವತ್ತಿಗೆ ಇರುವ ಉಪಕರಣ ಪ್ರಶ್ನೆಯೊಂದೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 70 ಮಂದಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಹಾಯವಾಣಿ ಸಂಖ್ಯೆ, ಇವು ನಮ್ಮ ಚಿಕ್ಕಪ್ಪನ ಕಾಲಕ್ಕೆ ಇರಲಿಲ್ಲ. ತೋಟದ ಲೈನ್ ಮನೆಗಳನ್ನು ಹೆಸರು ಹಿಡಿದು ಬಲ್ಲ ಆಶಾ ಕಾರ್ಯಕರ್ತೆಗೆ ‘ಇವರು ನಿದ್ದೆಯಿಲ್ಲದೆಯೂ ಸುಸ್ತಾಗದೆ ಓಡಾಡಿದ ದಿನಗಳಿವೆಯೇ’ ಎಂಬ ಒಂದು ಪ್ರಶ್ನೆ ಕಲಿಸಿದರೆ ಎಷ್ಟೋ ಮನೆಗಳ ವರ್ಷಗಳು ಉಳಿಯುತ್ತವೆ.

ನಮಗೆ ಉತ್ತರ ಸಿಕ್ಕಿದ್ದು ಹಾಸನದ ವೈದ್ಯರೊಬ್ಬರ ಮೇಜಿನ ಮೇಲೆ. ಅವರು ಚಿಕ್ಕಮ್ಮನನ್ನು, “ಅಮ್ಮಾ, ಇವರು ಮೊದಲು ಹೇಗಿದ್ದರು, ಯಾವ ತಿಂಗಳು ಹೇಗಿದ್ದರು ಅಂತ ಹೇಳಿ” ಎಂದರು. ಚಿಕ್ಕಮ್ಮನಿಗೆ ತಿಂಗಳು ನೆನಪಾಗಲಿಲ್ಲ. ಮುಂದಿನ ಸಲ ಹೋಗುವಾಗ ಅಟ್ಟದಲ್ಲಿದ್ದ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋದರು. ವೈದ್ಯರು ಒಂದೊಂದೇ ಹಾಳೆ ತಿರುವಿದರು. ಕೆಲವು ತಿಂಗಳಲ್ಲಿ ಅಕ್ಷರ ಮುತ್ತು ಪೋಣಿಸಿದಂತೆ. ಕೆಲವು ಕಡೆ ಚಿಕ್ಕಪ್ಪನ ಹಾಜರಿಯೇ ಇಲ್ಲ, ಬೇರೆಯವರ ಕೈಬರಹ. ಮೂರು ವರ್ಷಗಳ ಹೂಮಳೆಯ ತಿಂಗಳಲ್ಲಿ ಅಕ್ಷರ ದಪ್ಪಗಾಗಿ, ಗೆರೆ ಮೀರಿ, ಅಂಚಿನ ತುಂಬ ಮೆಣಸಿನ ಲೆಕ್ಕ. ವೈದ್ಯರು ಬಿಳಿ ಹಾಳೆಯ ನಡುವೆ ಅಡ್ಡಗೆರೆ ಎಳೆದು, ಆ ತಿಂಗಳುಗಳನ್ನು ಗೆರೆಯ ಮೇಲೆ, ಬೇರೆಯವರ ಕೈಬರಹದ ತಿಂಗಳುಗಳನ್ನು ಕೆಳಗೆ ಗುರುತು ಹಾಕುತ್ತ ಹೋದರು. ಚಿಕ್ಕಪ್ಪ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಿಟ್ಟುಹೋದ ಎರಡು ತಿಂಗಳನ್ನು ತಾವೇ ಬೆರಳಿಟ್ಟು ತೋರಿಸಿದರು.